ಹಾರ್ಮೋನು ಸ್ರವಿಸುವ ಕೋಶಗಳಲ್ಲಿ ಕ್ಯಾಲ್ಸಿಯಮಿನ ತೂಬುಗಳು

ಸುಣ್ಣವು ಕನ್ನಡಿಗರ ನಿತ್ಯಜೀವನದಲ್ಲಿ ಬಹು ಪರಿಚಿತವಾದ ವಸ್ತು. ಗೋಡೆಗೆ ಬಳಿಯುವುದೂ ಅದೇ, ವೀಳ್ಯದೆಲೆಗೆ ಸವರುವುದೂ ಅದೇ. ಅದರ ಮೂಲಧಾತುವಾದ ಕ್ಯಾಲ್ಸಿಯಂ ಎಲುಬು ಹಲ್ಲುಗಳಿಗೆ ಗಟ್ಟಿತನವನ್ನು ಕೊಡುವುದೆಂಬುದನ್ನು ಶಾಲೆಯ ಬಾಲಕರೂ ಬಲ್ಲರು. ಪ್ರಾಯದ ಮನುಷ್ಯನ ದೇಹದಲ್ಲಿ ಸುಮಾರು 1 ಕಿಲೋಗ್ರಾಂ ಕ್ಯಾಲ್ಸಿಯಂ ಇರುವುದು. ಅದರಲ್ಲಿ ನೂರಕ್ಕೆ 99 ಪಾಲು ಅಸ್ಥಿಪಂಜರದಲ್ಲಿಯೇ ಸೇರಿರುವುದರಿಂದ ಈ ತಿಳಿವಳಿಕೆ ಸಹಜವಾದುದೇ ಸರಿ. ಆದರೆ ಉಳಿದ ಒಂದು ಪಾಲು ಮಾಡುವ ಕೆಲಸ ಇದಕ್ಕಿಂತ ಕಡಿಮೆಯದಲ್ಲ. ಹೃದಯದ ಬಡಿತ, ಸ್ನಾಯುಗಳ ಸಂಕೋಚ, ರಕ್ತದ ಹೆಪ್ಪುಗಟ್ಟುವಿಕೆ, ನರಗಳ ಸಂದೇಶವಹನ ಇವೆಲ್ಲವೂ ಆ ಸ್ವಲ್ಪಾಂಶವನ್ನೇ ಅವಲಂಬಿಸಿವೆ. ನಿರ್ನಾಳ ಗ್ರಂಥಿಗಳು ತಮ್ಮ ಹಾರ್ಮೋನನ್ನು ಯಾವಾಗ ರಕ್ತಕ್ಕೆ ಬಿಡಬೇಕು, ಎಷ್ಟು ಬಿಡಬೇಕು ಎಂಬುದೂ ಬಹುಮಟ್ಟಿಗೆ ಅದರ ಅಧೀನವೇ ಆಗಿದೆ.

ಈ ವಿಷಯವು ವೈದ್ಯರ ಗೋಷ್ಠಿಗಷ್ಟೇ ಮೀಸಲಾದುದಲ್ಲ. ಹೈದರಾಬಾದಿನ ಆಗ್ನೇಯಕ್ಕೆ, ಒಂದು ದಿನದಲ್ಲಿ ಹೋಗಿಬರಬಹುದಾದಷ್ಟು ದೂರದಲ್ಲಿರುವ ನಲ್ಗೊಂಡ ಜಿಲ್ಲೆಯಲ್ಲಿ ಬಾವಿಯ ನೀರನ್ನು ಕುಡಿದ ಅನೇಕರ ಎಲುಬುಗಳು ಬಾಗಿದವು. ಆ ಅಂಗವೈಕಲ್ಯಕ್ಕೂ, ಕೊರಳಿನಲ್ಲಿರುವ ನಾಲ್ಕು ಕಿರುಗ್ರಂಥಿಗಳು ಕ್ಯಾಲ್ಸಿಯಮಿನ ಸಂದೇಶವನ್ನು ಗ್ರಹಿಸುವ ರೀತಿಗೂ ಸಂಬಂಧವುಂಟು. 1956ರವರೆಗೆ ರಾಯಚೂರು, ಗುಲ್ಬರ್ಗ, ಬೀದರ ಜಿಲ್ಲೆಗಳು ನಲ್ಗೊಂಡದೊಡನೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ರಾಜ್ಯದ ಎಲ್ಲೆಗಳು ಬದಲಾದರೂ ನೆಲದಡಿಯ ಶಿಲೆ ಬದಲಾಗಲಿಲ್ಲ. ನಲ್ಗೊಂಡದಂತೆಯೇ ರಾಯಚೂರು ಸೀಮೆಯ ಬಹುಭಾಗವೂ ಪುರಾತನ ಗ್ರಾನೈಟ್ ಜಾತಿಯ ಬಂಡೆಯ ಮೇಲೆ ನಿಂತಿದೆ. ಅಲ್ಲಿಯ ಎಷ್ಟೋ ಹಳ್ಳಿಗಳ ನೀರಿನಲ್ಲಿಯೂ ಅದೇ ದೋಷವಿದೆ. ಆದುದರಿಂದ ಗ್ರಂಥಿಕೋಶಗಳ ಈ ಸೂಕ್ಷ್ಮ ವ್ಯವಹಾರವನ್ನು ಅರಿಯುವುದು ಆ ಸೀಮೆಯಿಂದ ಬಂದು ನಗರದಲ್ಲಿ ನೆಲೆಸಿದವರಿಗೂ ಅಪ್ರಸ್ತುತವಾಗಲಾರದು.

ಒಳಗು ಹೊರಗುಗಳ ಅಂತರ

ರಕ್ತದ್ರವದ 100 ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 9ರಿಂದ 10.5 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು. ಅದರಲ್ಲಿ ಸುಮಾರು ಅರ್ಧ ಭಾಗ ಪ್ರೋಟೀನು ಮೊದಲಾದವಕ್ಕೆ ಅಂಟಿಕೊಳ್ಳದೆ ಸ್ವತಂತ್ರವಾದ ಅಯಾನುಗಳ ರೂಪದಲ್ಲಿ ಸಂಚರಿಸುವುದು. ಜೀವಕೋಶಗಳು ಇಂಥ ದ್ರವದಲ್ಲಿಯೇ ಮುಳುಗಿರುವುವು. ಹೀಗಿದ್ದರೂ ವಿಶ್ರಾಂತಿಯಲ್ಲಿರುವ ಕೋಶದ ಒಳಗೆ ಸ್ವತಂತ್ರ ಕ್ಯಾಲ್ಸಿಯಂ ಹೊರಗಿನದರ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ. ಈ ಅಂತರವು ತಾನಾಗಿ ಒದಗಿದುದಲ್ಲ. ಕೋಶವು ತನ್ನ ಶಕ್ತಿಯನ್ನು ವ್ಯಯಮಾಡಿ, ಪೊರೆಯಲ್ಲಿರುವ ಪ್ರೋಟೀನು ಪಂಪುಗಳ ಮೂಲಕ ಕ್ಯಾಲ್ಸಿಯಮನ್ನು ಎಡೆಬಿಡದೆ ಹೊರದೂಡುತ್ತಲೂ, ಸ್ವಲ್ಪವನ್ನು ಒಳಗಿನ ಕಣಜಗಳಲ್ಲಿ ಕೂಡಿಡುತ್ತಲೂ ಇದನ್ನು ಕಾಪಾಡುವುದು.

ಇಷ್ಟು ಶ್ರಮವೇಕೆಂಬ ಪ್ರಶ್ನೆ ಏಳುವುದು ಸಹಜ. ಕೋಶದ ಶಕ್ತಿವ್ಯವಹಾರವೆಲ್ಲ ಫಾಸ್ಫೇಟುಗಳನ್ನು ಅವಲಂಬಿಸಿದೆ. ಫಾಸ್ಫೇಟು ಹೇರಳವಾಗಿರುವೆಡೆಗೆ ಕ್ಯಾಲ್ಸಿಯಂ ಧಾರಾಳವಾಗಿ ಹೊಕ್ಕರೆ ಎರಡೂ ಕೂಡಿ ಗಸಿಯಾಗಿ ಇಳಿಯುವುವು. ಎಲುಬಿನ ಹರಳು ಇವೆರಡರ ಕೂಟದಿಂದಲೇ ಆದುದು. ಒಳಗನ್ನು ಕಲ್ಲಾಗಿಸಿಕೊಳ್ಳದಿರಲು ಕೋಶವು ಕ್ಯಾಲ್ಸಿಯಮನ್ನು ಹೊರಗಿಡಲೇಬೇಕು. ಹಾಗೆ ಹೊರಗಿಟ್ಟದ್ದರಿಂದ ಎರಡನೆಯ ಪ್ರಯೋಜನವೊಂದು ಲಭಿಸಿತು. ಒಳಗೆ ಇಲ್ಲವೆನ್ನುವಷ್ಟು ಕಡಿಮೆಯಿರುವ ವಸ್ತು ಸ್ವಲ್ಪವೇ ಒಳನುಗ್ಗಿದರೂ ಅದು ತಟ್ಟನೆ ಗಮನಕ್ಕೆ ಬರುವುದು. ನಿಶ್ಶಬ್ದವಾದ ಮನೆಯಲ್ಲಿ ಒಂದೇ ಮಾತು ಎಲ್ಲರ ಕಿವಿಗೂ ಬೀಳುವಂತೆ, ಕ್ಯಾಲ್ಸಿಯಂ ಕೋಶದೊಳಗೆ ಒಂದು ಸಂಕೇತವಾಯಿತು.

ತೂಬಿನ ರಚನೆ

ಕ್ಯಾಲ್ಸಿಯಂ ಒಳಬರುವ ದಾರಿಯನ್ನು ಶಾಸ್ತ್ರಜ್ಞರು ಚಾನೆಲ್ ಎಂದು ಕರೆಯುವರು. ಕನ್ನಡದಲ್ಲಿ ಇದಕ್ಕೆ ಕಾಲುವೆ ಎಂಬ ಮಾತನ್ನು ಬಳಸುವುದುಂಟು. ಕಾಲುವೆಯೆಂದರೆ ಹರಿವು ನಡೆಯುವ ದಾರಿಯಷ್ಟೆ. ತೆರೆಯುವುದು ಮುಚ್ಚುವುದು ಅದರ ಗುಣವಲ್ಲ. ಇಲ್ಲಿ ಹೇಳುವ ದಾರಿಯಾದರೋ ಬಹುಕಾಲ ಮುಚ್ಚಿದ್ದು, ಕ್ಷಣಮಾತ್ರ ತೆರೆದು, ಮತ್ತೆ ಮುಚ್ಚಿಕೊಳ್ಳುವುದು. ಕೆರೆಯ ಏರಿಯಲ್ಲಿರುವ ತೂಬು ಎಂಬ ಮಾತು ಇದಕ್ಕೆ ಹೆಚ್ಚು ಒಪ್ಪುವುದು. ಏರಿಯ ಒಂದು ಮಗ್ಗುಲಲ್ಲಿ ತುಂಬಿದ ನೀರು, ಇನ್ನೊಂದು ಮಗ್ಗುಲಲ್ಲಿ ಒಣಗಿದ ಗದ್ದೆ. ತೂಬನ್ನು ಎತ್ತಿದೊಡನೆ ನೀರು ತಾನಾಗಿ ಹರಿಯುವುದು. ಕೋಶಪೊರೆಯ ಸ್ಥಿತಿಯೂ ಅಂಥದೇ.

ಈ ತೂಬು ಒಂದು ಪ್ರೋಟೀನು. ಒಂದನ್ನೊಂದು ಹೋಲುವ ಅದರ ನಾಲ್ಕು ಭಾಗಗಳು ಸುತ್ತುಗಟ್ಟಿ ನಿಂತು ನಡುವೆ ಒಂದು ರಂಧ್ರವನ್ನು ಏರ್ಪಡಿಸುವುವು. ರಂಧ್ರದ ಇಕ್ಕಟ್ಟಾದ ಎಡೆಯಲ್ಲಿ ಋಣ ವಿದ್ಯುತ್ತುಳ್ಳ ಅಂಗಗಳಿದ್ದು, ಸೋಡಿಯಂ ಎಷ್ಟೇ ಹೇರಳವಾಗಿದ್ದರೂ ಅದನ್ನು ತಡೆದು ಕ್ಯಾಲ್ಸಿಯಮನ್ನೇ ಆರಿಸಿ ಬಿಡುವುವು. ತೆರೆದ ಒಂದು ತೂಬಿನ ಮೂಲಕ ಸೆಕೆಂಡಿಗೆ 10 ಲಕ್ಷದಷ್ಟು ಅಯಾನುಗಳು ಹಾಯಬಲ್ಲವು. ತೂಬನ್ನು ತೆರೆಯುವ ಅಧಿಕಾರವು ಪೊರೆಯ ವಿದ್ಯುತ್ತಿನದು. ವಿಶ್ರಾಂತ ಸ್ಥಿತಿಯಲ್ಲಿ ಕೋಶದ ಒಳಮೈ ಹೊರಗಿಗಿಂತ ಸುಮಾರು 70 ಮಿಲಿವೋಲ್ಟಿನಷ್ಟು ಋಣವಾಗಿರುವುದು. ಈ ಋಣತ್ವ ಕುಗ್ಗಿದಾಗ ಪ್ರೋಟೀನಿನಲ್ಲಿ ಹುದುಗಿರುವ ಧನ ವಿದ್ಯುತ್ತಿನ ತುಂಡುಗಳು ಸರಿದು ರಂಧ್ರವು ತೆರೆದುಕೊಳ್ಳುವುದು. ಇಂಥ ತೂಬುಗಳಲ್ಲಿ ಹಲವು ಜಾತಿಗಳುಂಟು. ಗ್ರಂಥಿಕೋಶಗಳ ಮಟ್ಟಿಗೆ ಎರಡು ಮುಖ್ಯವಾದವು: ಹೆಚ್ಚಿನ ಪ್ರಚೋದನೆಗೆ ತೆರೆದು ಹೆಚ್ಚು ಹೊತ್ತು ತೆರೆದೇ ಇರುವ ಎಲ್ ಜಾತಿ, ಅಲ್ಪ ಪ್ರಚೋದನೆಗೇ ತೆರೆದು ಬೇಗನೆ ಮುಚ್ಚಿಕೊಳ್ಳುವ ಟಿ ಜಾತಿ.

ಗ್ರಂಥಿಗೆ ಅಪ್ಪಣೆಯಾಗುವ ಬಗೆ

ಕ್ಯಾಲ್ಸಿಯಮಿನ ಈ ಅಧಿಕಾರವು ಮೊದಲು ಬೆಳಕಿಗೆ ಬಂದುದು ನೀರಿನ ನಿಮಿತ್ತದಿಂದಲೇ. ಲಂಡನ್ನಿನ ಸಿಡ್ನಿ ರಿಂಗರನು ಕಪ್ಪೆಯ ಹೃದಯವನ್ನು ದೇಹದಿಂದ ಬೇರ್ಪಡಿಸಿ ಉಪ್ಪುನೀರಿನಲ್ಲಿ ಬಡಿಯುವಂತೆ ಮಾಡಿ 1882ರಲ್ಲಿ ಆ ಪ್ರಯೋಗವನ್ನು ಪ್ರಕಟಿಸಿದನು. ಆ ದ್ರಾವಣವನ್ನು ಬಟ್ಟಿ ಇಳಿಸಿದ ನೀರಿನಿಂದಲ್ಲದೆ ನಲ್ಲಿಯ ನೀರಿನಿಂದ ತಯಾರಿಸಲಾಗಿದ್ದುದು ಅನಂತರ ತಿಳಿಯಿತು. ಶುದ್ಧ ನೀರನ್ನು ಬಳಸಿದಾಗ ಹೃದಯವು ಬಹುಬೇಗ ನಿಂತುಹೋಯಿತು. ನಲ್ಲಿಯ ನೀರಿನಲ್ಲಿದ್ದ ಸುಣ್ಣದಂಶವೇ ಬಡಿತಕ್ಕೆ ಆಧಾರವಾಗಿತ್ತೆಂದು 1883ರಲ್ಲಿ ಅವನು ತೋರಿಸಿಕೊಟ್ಟನು.

ಗ್ರಂಥಿಗಳ ವಿಷಯದಲ್ಲಿ ಇದೇ ಬಗೆಯ ನಿರ್ಣಾಯಕ ಪ್ರಯೋಗವು 1961ರಲ್ಲಿ ನಡೆಯಿತು. ವಿಲಿಯಂ ಡಗ್ಲಸ್ ಮತ್ತು ರೊನಾಲ್ಡ್ ರೂಬಿನ್ ಎಂಬವರು ಬೆಕ್ಕಿನ ಅಡ್ರಿನಲ್ ಗ್ರಂಥಿಯೊಳಗೆ ದ್ರಾವಣವನ್ನು ಹರಿಸಿ, ಅದಕ್ಕೆ ಅಸಿಟೈಲ್‌ಕೋಲಿನ್ ಎಂಬ ನರದ ಸಂದೇಶವಸ್ತುವನ್ನು ಸೇರಿಸಿದರು. ದ್ರಾವಣದಲ್ಲಿ ಕ್ಯಾಲ್ಸಿಯಂ ಇದ್ದಾಗ ಗ್ರಂಥಿಯಿಂದ ಅಡ್ರಿನಲಿನ್ ಜಾತಿಯ ಹಾರ್ಮೋನುಗಳು ಹೊರಬಂದವು; ಕ್ಯಾಲ್ಸಿಯಮನ್ನು ತೆಗೆದುಬಿಟ್ಟಾಗ ಅದೇ ಪ್ರಚೋದನೆ ನಿಷ್ಫಲವಾಯಿತು. ನರದ ಕರೆ ಮತ್ತು ಗ್ರಂಥಿಯ ಉತ್ತರ ಇವೆರಡನ್ನು ಬೆಸೆಯುವ ಕೊಂಡಿ ಕ್ಯಾಲ್ಸಿಯಮಿನ ಒಳಹರಿವು ಎಂಬುದು ಇದರಿಂದ ಸಿದ್ಧವಾಯಿತು.

ಈ ಕೊಂಡಿಯ ವಿವರಗಳು ಮುಂದಿನ ದಶಕಗಳಲ್ಲಿ ಒಂದೊಂದಾಗಿ ತಿಳಿದುಬಂದವು. ಹಾರ್ಮೋನು ಕೋಶದೊಳಗೆ ಪೊರೆಯುಳ್ಳ ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿರುವುದು. ಕೆಲವು ಚೀಲಗಳು ಹೊರಪೊರೆಗೆ ತಗುಲಿ ಸಿದ್ಧವಾಗಿ ನಿಂತಿರುವುವು. ಹತ್ತಿರದ ತೂಬು ತೆರೆದು ಕ್ಯಾಲ್ಸಿಯಂ ನುಗ್ಗಿದೊಡನೆ ಸಿನಾಪ್ಟೊಟ್ಯಾಗ್ಮಿನ್ ಎಂಬ ಪ್ರೋಟೀನು ಅದನ್ನು ಹಿಡಿದುಕೊಳ್ಳುವುದು. ಚೀಲದ ಪೊರೆ ಹೊರಪೊರೆಯೊಡನೆ ಬೆರೆಯುವುದು. ಒಳಗಿದ್ದ ಹಾರ್ಮೋನು ಹೊರಬೀಳುವುದು. ಒಂಟಿ ತೂಬಿನ ಮೂಲಕ ಹರಿಯುವ ವಿದ್ಯುತ್ತನ್ನೇ ಅಳೆಯುವ ವಿಧಾನವನ್ನು 1976ರಲ್ಲಿ ಪ್ರಕಟಿಸಿದ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್ ಇವರಿಗೆ 1991ರಲ್ಲಿಯೂ, ಚೀಲಗಳ ಸಾಗಣೆ ಮತ್ತು ವಿಸರ್ಜನೆಯ ಕ್ರಮವನ್ನು ಬಿಡಿಸಿ ತೋರಿಸಿದ ರಾಥ್‌ಮನ್, ಶೆಕ್‌ಮನ್, ಸ್ಯೂಡಾಫ್ ಇವರಿಗೆ 2013ರಲ್ಲಿಯೂ ನೊಬೆಲ್ ಪಾರಿತೋಷಕ ದೊರೆಯಿತು.

ಇನ್ಸುಲಿನ್ ಕೋಶದ ನಿದರ್ಶನ

ಮೇದೋಜೀರಕದಲ್ಲಿ ಇನ್ಸುಲಿನನ್ನು ಸ್ರವಿಸುವ ಬೀಟಾ ಕೋಶಗಳು ಈ ವ್ಯವಸ್ಥೆಗೆ ಅತ್ಯಂತ ಸ್ಫುಟವಾದ ನಿದರ್ಶನ. ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆ ಏರುವುದನ್ನು ಈ ಕೋಶಗಳು ಹೇಗೆ ತಿಳಿಯುವುವು? ಅವು ಸಕ್ಕರೆಯನ್ನು ಉರಿಸಿಯೇ ತಿಳಿಯುವುವು. ಸಕ್ಕರೆ ಉರಿದಷ್ಟೂ ಎಟಿಪಿ ಎಂಬ ಶಕ್ತಿದ್ರವ್ಯ ಹೆಚ್ಚುವುದು. ಭೀಮಾವರದಲ್ಲಿ 1895ರಲ್ಲಿ ಹುಟ್ಟಿ ಅಮೆರಿಕೆಯಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಫಿಸ್ಕ್ ಎಂಬ ಸಹೋದ್ಯೋಗಿಯೊಡನೆ 1929ರಲ್ಲಿ ಸ್ನಾಯುವಿನಿಂದ ಬೇರ್ಪಡಿಸಿ ವಿವರಿಸಿದುದು ಇದೇ ದ್ರವ್ಯವನ್ನು. ಅದೇ ವರ್ಷ ಜರ್ಮನಿಯ ಲೋಮನ್ನನೂ ಇದನ್ನು ಕಂಡುಹಿಡಿದಿದ್ದನು. ಬೀಟಾ ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹೊರಹೋಗುವ ಒಂದು ಬಗೆಯ ತೂಬುಂಟು. ಎಟಿಪಿ ಹೆಚ್ಚಿದಾಗ ಅದು ಮುಚ್ಚಿಕೊಳ್ಳುವುದೆಂದು 1984ರ ಪ್ರಯೋಗಗಳಿಂದ ಗೊತ್ತಾಯಿತು. ಪೊಟ್ಯಾಸಿಯಮಿನ ಹೊರಹರಿವು ನಿಂತರೆ ಕೋಶದ ಋಣತ್ವ ಕುಗ್ಗುವುದು. ಎಲ್ ಜಾತಿಯ ಕ್ಯಾಲ್ಸಿಯಂ ತೂಬುಗಳು ತೆರೆಯುವುವು. ಇನ್ಸುಲಿನ್ ಚೀಲಗಳು ಒಡೆಯುವುವು. ರಕ್ತದ ಸಕ್ಕರೆ ಇಳಿದಾಗ ಇದೇ ಸರಣಿ ಹಿಂದಕ್ಕೆ ಸರಿದು ಸ್ರಾವ ನಿಲ್ಲುವುದು.

ಈ ಸರಣಿಯ ಜ್ಞಾನವು ಚಿಕಿತ್ಸೆಗೆ ಹೇಗೆ ಒದಗುವುದೆಂಬುದಕ್ಕೆ ಎರಡು ಸಂಗತಿಗಳನ್ನು ಹೇಳಬಹುದು. ಫ್ರಾನ್ಸಿನ ಮೋಂಪೆಲಿಯೆಯಲ್ಲಿ 1942ರಲ್ಲಿ ವಿಷಮಶೀತಜ್ವರಕ್ಕಾಗಿ ಕೊಟ್ಟ ಒಂದು ಗಂಧಕಯುಕ್ತ ಔಷಧದಿಂದ ರೋಗಿಗಳ ರಕ್ತದ ಸಕ್ಕರೆ ಕುಸಿಯಿತು. ಮಧುಮೇಹಕ್ಕೆ ಕೊಡುವ ಸಲ್ಫೊನಿಲ್‌ಯೂರಿಯಾ ಗುಳಿಗೆಗಳು ಹುಟ್ಟಿದುದು ಅಲ್ಲಿಂದ. ಅವು ಎಟಿಪಿಯ ಬದಲಿಗೆ ತಾವೇ ಪೊಟ್ಯಾಸಿಯಂ ತೂಬನ್ನು ಮುಚ್ಚುವುವೆಂಬುದು ದಶಕಗಳ ಅನಂತರ ತಿಳಿಯಿತು. ಎರಡನೆಯದು, ಹುಟ್ಟಿದ ಆರು ತಿಂಗಳೊಳಗೇ ಮಧುಮೇಹಕ್ಕೆ ತುತ್ತಾಗುವ ಶಿಶುಗಳ ವಿಷಯ. ಅವರಲ್ಲಿ ಹಲವರಿಗೆ ಈ ಪೊಟ್ಯಾಸಿಯಂ ತೂಬಿನ ಜೀನಿನಲ್ಲಿ ದೋಷವಿದ್ದು, ಅದು ಮುಚ್ಚಲಾರದೆ ಉಳಿಯುವುದೆಂದು 2004ರಲ್ಲಿ ಕಂಡುಬಂದಿತು. ಅಂಥ ಮಕ್ಕಳಲ್ಲಿ ಇನ್ಸುಲಿನ್ ಇಲ್ಲದೆ ಇರಲಿಲ್ಲ, ಹೊರಬರಲು ಅಪ್ಪಣೆಯಿರಲಿಲ್ಲ. ದಿನವೂ ಸೂಜಿಮದ್ದು ಪಡೆಯುತ್ತಿದ್ದ ಅವರಲ್ಲಿ ಬಹುಮಂದಿ ಗುಳಿಗೆಯಿಂದಲೇ ಸುಧಾರಿಸಬಲ್ಲರೆಂದು 2006ರಲ್ಲಿ ವರದಿಯಾಯಿತು. ರೋಗದ ಹೆಸರು ಒಂದೇ ಆಗಿದ್ದರೂ ಕೆಟ್ಟಿರುವ ಕೊಂಡಿ ಯಾವುದೆಂದು ತಿಳಿಯದೆ ತಕ್ಕ ಮದ್ದು ದೊರಕದೆಂಬುದಕ್ಕೆ ಇದೊಂದು ಪಾಠ.

ರಕ್ತದೊತ್ತಡದ ಗುಳಿಗೆ ಮತ್ತು ಒಂದು ತಪ್ಪು ತಿಳಿವಳಿಕೆ

ಅಡ್ರಿನಲ್ ಗ್ರಂಥಿಯ ಹೊರಪದರವು ಆಲ್ಡೊಸ್ಟಿರೋನ್ ಎಂಬ ಹಾರ್ಮೋನನ್ನು ಸ್ರವಿಸುವುದು. ದೇಹದಲ್ಲಿ ಉಪ್ಪನ್ನು ಉಳಿಸಿ ರಕ್ತದೊತ್ತಡವನ್ನು ಕಾಪಾಡುವುದು ಅದರ ಕೆಲಸ. ಇದು ಮೊದಲೇ ಚೀಲಗಳಲ್ಲಿ ತುಂಬಿಟ್ಟ ಹಾರ್ಮೋನಲ್ಲ, ಬೇಕಾದಾಗ ತಯಾರಾಗುವಂಥದು. ಆದರೂ ತಯಾರಿಕೆಯ ಅಪ್ಪಣೆ ಕ್ಯಾಲ್ಸಿಯಮಿನಿಂದಲೇ ಬರುವುದು. ಟಿ ಮತ್ತು ಎಲ್ ಎರಡೂ ಜಾತಿಯ ತೂಬುಗಳು ಇಲ್ಲಿ ಕೆಲಸಮಾಡುವುವು. ಈ ಗ್ರಂಥಿಯ ಕೆಲವು ಗಂಟುಗಳಲ್ಲಿ ಎಲ್ ಜಾತಿಯ ಒಂದು ತೂಬಿನ ಜೀನು ಕೆಟ್ಟು, ಕ್ಯಾಲ್ಸಿಯಂ ಹೊತ್ತಲ್ಲದ ಹೊತ್ತಿನಲ್ಲಿ ಸೋರಿ, ರಕ್ತದೊತ್ತಡ ಏರುವುದೆಂದು 2013ರಲ್ಲಿ ತೋರಿಸಲಾಯಿತು.

ರಕ್ತದೊತ್ತಡಕ್ಕೆ ಬಹುಮಂದಿ ಸೇವಿಸುವ ಆಮ್ಲೊಡಿಪಿನ್ ಮೊದಲಾದ ಗುಳಿಗೆಗಳಿಗೆ ಕ್ಯಾಲ್ಸಿಯಂ ತೂಬಿನ ತಡೆಮದ್ದುಗಳೆಂದು ಹೆಸರು. ಇವುಗಳ ಮೂಲವು ಜರ್ಮನಿಯ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನನು 1960ರ ದಶಕದಲ್ಲಿ ನಡೆಸಿದ ಸಂಶೋಧನೆ. ಹೆಸರನ್ನು ಕೇಳಿ ಕೆಲವರು ಹಾಲು ಮೊಸರುಗಳ ಕ್ಯಾಲ್ಸಿಯಂ ಮೈಗೆ ಹತ್ತದೆಂದೂ, ಎಲುಬು ಸವೆಯುವುದೆಂದೂ ಅಂಜುವುದುಂಟು. ಈ ಅಂಜಿಕೆ ನಿರಾಧಾರವಾದುದು. ಈ ಗುಳಿಗೆಗಳು ತಡೆಯುವುದು ರಕ್ತನಾಳದ ಸ್ನಾಯುಕೋಶದ ತೂಬನ್ನೇ ಹೊರತು, ಕರುಳಿನಲ್ಲಿ ಆಹಾರದ ಕ್ಯಾಲ್ಸಿಯಂ ಸೇರುವುದನ್ನಲ್ಲ. ಇನ್ಸುಲಿನ್ ಕೋಶದಲ್ಲಿಯೂ ಎಲ್ ಜಾತಿಯ ತೂಬೇ ಇದ್ದರೂ, ಸಾಮಾನ್ಯ ಪ್ರಮಾಣದಲ್ಲಿ ಅಲ್ಲಿ ಗಣನೀಯ ಪರಿಣಾಮ ಕಾಣುವುದಿಲ್ಲ. ಆದರೆ ಅತಿಯಾಗಿ ನುಂಗಿ ವಿಷವೇರಿದಾಗ ರಕ್ತದ ಸಕ್ಕರೆ ಏರುವುದು. ಬೀಟಾ ಕೋಶದ ತೂಬೂ ಆಗ ಮುಚ್ಚಿಹೋಗಿರುವುದೇ ಅದಕ್ಕೆ ಕಾರಣ.

ಎದುರುನಡೆಯ ಗ್ರಂಥಿ

ಇದುವರೆಗೆ ಹೇಳಿದ ಗ್ರಂಥಿಗಳಲ್ಲೆಲ್ಲ ನಿಯಮ ಒಂದೇ: ಕೋಶದೊಳಗೆ ಕ್ಯಾಲ್ಸಿಯಂ ಏರಿದರೆ ಸ್ರಾವವಾಗುವುದು. ಈ ನಿಯಮಕ್ಕೆ ನೇರ ವಿರುದ್ಧವಾಗಿ ನಡೆಯುವ ಗ್ರಂಥಿಯೊಂದಿದೆ. ಕೊರಳಿನಲ್ಲಿ ಥೈರಾಯಿಡಿನ ಬೆನ್ನಿಗಂಟಿಕೊಂಡಿರುವ ಪ್ಯಾರಾಥೈರಾಯಿಡ್ ಗ್ರಂಥಿಗಳನ್ನು ಮನುಷ್ಯನಲ್ಲಿ 1880ರಲ್ಲಿ ಗುರುತಿಸಿದವನು ಸ್ವೀಡನ್ನಿನ ಐವರ್ ಸ್ಯಾಂಡ್‌ಸ್ಟ್ರೋಮ್. ಸಾಮಾನ್ಯವಾಗಿ ಇವು ನಾಲ್ಕು. ಒಂದೊಂದೂ ಅಕ್ಕಿಯ ಕಾಳಿನಷ್ಟು. ರಕ್ತದ ಕ್ಯಾಲ್ಸಿಯಂ ಕೊಂಚ ಇಳಿದರೂ ಇವು ತಮ್ಮ ಹಾರ್ಮೋನನ್ನು ಬಿಡುವುವು. ಅದು ಎಲುಬಿನಿಂದ ಕ್ಯಾಲ್ಸಿಯಮನ್ನು ಬಿಡಿಸಿ ತರುವುದು. ಮೂತ್ರದಲ್ಲಿ ಅದು ಪೋಲಾಗದಂತೆ ತಡೆಯುವುದು. ಮೂತ್ರಪಿಂಡದಲ್ಲಿ ಡಿ ಜೀವಸತ್ವವನ್ನು ಚುರುಕುಗೊಳಿಸಿ ಕರುಳಿನಿಂದಲೂ ಹೆಚ್ಚು ಕ್ಯಾಲ್ಸಿಯಂ ದೊರೆಯುವಂತೆ ಮಾಡುವುದು. ರಕ್ತದಲ್ಲಿ ಕ್ಯಾಲ್ಸಿಯಂ ಏರಿದೊಡನೆ ಗ್ರಂಥಿ ಸುಮ್ಮನಾಗುವುದು.

ಈ ಕೋಶವು ಹೊರಗಿನ ಕ್ಯಾಲ್ಸಿಯಮನ್ನು ಹೇಗೆ ಅಳೆಯುವುದೆಂಬ ರಹಸ್ಯವು 1993ರಲ್ಲಿ ಬಿಚ್ಚಿಕೊಂಡಿತು. ಬಾಸ್ಟನ್ನಿನ ಎಡ್ವರ್ಡ್ ಬ್ರೌನ್, ಸ್ಟೀವನ್ ಹೀಬರ್ಟ್ ಮತ್ತು ಅವರ ಸಂಗಡಿಗರು ಹಸುಜಾತಿಯ ಪ್ಯಾರಾಥೈರಾಯಿಡಿನಿಂದ ಒಂದು ಪ್ರೋಟೀನಿನ ಜೀನನ್ನು ಬೇರ್ಪಡಿಸಿದರು. ಇದು ತೂಬಲ್ಲ, ಕಾವಲುಗಾರ. ಕ್ಯಾಲ್ಸಿಯಮನ್ನು ಒಳಬಿಡದೆ, ಪೊರೆಯ ಹೊರಮೈಯಲ್ಲಿ ನಿಂತು ಅದರ ಪ್ರಮಾಣವನ್ನು ಅಳೆದು ಒಳಗೆ ಸುದ್ದಿ ಮುಟ್ಟಿಸುವುದು ಇದರ ಕೆಲಸ. ಹೊರಗೆ ಕ್ಯಾಲ್ಸಿಯಂ ಹೆಚ್ಚಿದಾಗ ಈ ಕಾವಲುಗಾರನ ಸುದ್ದಿಯಿಂದ ಕೋಶದ ಒಳಗಣ ಕಣಜಗಳು ತೆರೆದು ಒಳಗೂ ಕ್ಯಾಲ್ಸಿಯಂ ಏರುವುದು. ಹಾಗೆ ಏರಿದಾಗ ಇಲ್ಲಿ ಸ್ರಾವವು ನಿಲ್ಲುವುದು.

ಅಲ್ಲಿಯೇ ನೆರೆಯಲ್ಲಿ, ಥೈರಾಯಿಡಿನೊಳಗೆ ಚದರಿರುವ ಸಿ ಕೋಶಗಳು ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನನ್ನು ಸ್ರವಿಸುವುವು. ಅವುಗಳಲ್ಲಿಯೂ ಇದೇ ಕಾವಲುಗಾರನಿದ್ದಾನೆ. ಆದರೆ ಅಲ್ಲಿ ಅವನ ಸುದ್ದಿಯಿಂದ ಎಲ್ ಜಾತಿಯ ತೂಬುಗಳು ತೆರೆದು ಹಾರ್ಮೋನು ಹೊರಬರುವುದು. ಒಂದೇ ಅಯಾನು, ಒಂದೇ ಕಾವಲುಗಾರ, ನೆರೆಹೊರೆಯ ಕೋಶಗಳು. ಆದರೂ ಒಂದಕ್ಕೆ ಅದು ‘ಬಿಡು’ ಎಂಬ ಅಪ್ಪಣೆ, ಇನ್ನೊಂದಕ್ಕೆ ‘ತಡೆ’ ಎಂಬ ಅಪ್ಪಣೆ. ಮೂತ್ರಪಿಂಡದಲ್ಲಿ ರೆನಿನನ್ನು ಸ್ರವಿಸುವ ಕೋಶಗಳೂ ಪ್ಯಾರಾಥೈರಾಯಿಡಿನ ಪಕ್ಷಕ್ಕೆ ಸೇರಿದವು. ಸಂಕೇತದ ಅರ್ಥವು ಸಂಕೇತದಲ್ಲಿಲ್ಲ, ಅದನ್ನು ಓದುವ ಕೋಶದಲ್ಲಿದೆ ಎಂಬುದು ಇದರಿಂದ ಸ್ಪಷ್ಟವಾಗುವುದು.

ನಲ್ಗೊಂಡದ ನೀರು

ಈ ಓದುವಿಕೆ ಸರಿಯಾಗಿಯೇ ನಡೆದರೂ ದೇಹಕ್ಕೆ ಹಾನಿಯಾಗಬಲ್ಲುದೆಂಬುದನ್ನು ನಲ್ಗೊಂಡವು ತೋರಿಸಿತು. ಗ್ರಾನೈಟ್ ಜಾತಿಯ ಶಿಲೆಗಳಲ್ಲಿರುವ ಫ್ಲೋರೈಡು ಅಂತರ್ಜಲದಲ್ಲಿ ಕರಗಿ ಬಾವಿಗಳಿಗೆ ಬರುವುದು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡು ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಮಿತಿಮೀರಿದ ಫ್ಲೋರೈಡನ್ನು ಬಹುಕಾಲ ಕುಡಿದರೆ ಮೊದಲು ಮಕ್ಕಳ ಹಲ್ಲುಗಳಲ್ಲಿ ಕಂದುಕಲೆಗಳು ತೋರುವುವು. ಮುಂದೆ ಬೆನ್ನೆಲುಬು ಬಿಗಿದು, ಸಂದುಬಂಧನಗಳು ಸುಣ್ಣಗಟ್ಟಿ, ಕಡೆಗೆ ಮಿದುಳುಬಳ್ಳಿ ಅದುಮಿ ಕಾಲುಗಳ ಶಕ್ತಿ ಉಡುಗುವುದೂ ಉಂಟು. ಈ ವ್ಯಾಧಿಯನ್ನು ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ 1937ರಲ್ಲಿ ಶಾರ್ಟ್ ಮತ್ತು ಸಹೋದ್ಯೋಗಿಗಳು ವಿವರಿಸಿದ್ದರು. ಹೈದರಾಬಾದ್ ರಾಜ್ಯದ ನಲ್ಗೊಂಡದ ರೋಗಿಗಳನ್ನು ಕುರಿತು ಎ. ಎಚ್. ಸಿದ್ದೀಖಿ ಅವರು 1955ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಬರೆದರು.

ಕುನೂರಿನಿಂದ 1958ರಲ್ಲಿ ಹೈದರಾಬಾದಿಗೆ ಬಂದ ಪೋಷಣ ಸಂಶೋಧನಾಲಯವು 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. ಅಲ್ಲಿಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಅವರು 1973ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ವಿಚಿತ್ರವನ್ನು ಪ್ರಕಟಿಸಿದರು. ಫ್ಲೋರೈಡ್ ಪೀಡಿತ ಹಳ್ಳಿಗಳ ಎಳೆಯರಲ್ಲಿ ಮೊಳಕಾಲುಗಳು ಒಳಬಾಗಿ ಒಂದಕ್ಕೊಂದು ತಗಲುತ್ತಿದ್ದವು. ಫ್ಲೋರೈಡು ಎಲುಬನ್ನು ದಟ್ಟವಾಗಿಸುವುದೆಂಬುದು ಆಗ ಪ್ರಸಿದ್ಧವಾಗಿದ್ದ ಮಾತು. ಈ ಎಳೆಯರ ಬೆನ್ನೆಲುಬು ಹಾಗೆಯೇ ದಟ್ಟವಾಗಿದ್ದರೂ ಕೈಕಾಲುಗಳ ಎಲುಬು ಸವೆದು ಟೊಳ್ಳಾಗಿತ್ತು. ಒಂದೇ ದೇಹದಲ್ಲಿ ಒಂದೆಡೆ ಸಂಗ್ರಹ, ಇನ್ನೊಂದೆಡೆ ಲೂಟಿ!

ಇದರ ಮೇಲೆ ಬೆಳಕು ಚೆಲ್ಲಿದುದು ಪ್ಯಾರಾಥೈರಾಯಿಡಿನ ಅಧ್ಯಯನ. ಅದೇ 1973ರಲ್ಲಿ ಉತ್ತರ ಭಾರತದ ಟಿಯೋಟಿಯಾ ಎಂಬ ವೈದ್ಯರು ಫ್ಲೋರೋಸಿಸ್ ರೋಗಿಗಳಲ್ಲಿ ಕೆಲವರ ಪ್ಯಾರಾಥೈರಾಯಿಡ್ ಅತಿಯಾಗಿ ಸ್ರವಿಸುತ್ತಿರುವುದನ್ನು ವರದಿಮಾಡಿದರು. ಒಳಬಾಗಿದ ಮೊಳಕಾಲಿನ ರೋಗಿಗಳ ರಕ್ತದಲ್ಲಿ ಆ ಹಾರ್ಮೋನು ಹೆಚ್ಚಿರುವುದನ್ನು ಹೈದರಾಬಾದಿನ ಸಂಸ್ಥೆಯವರೂ 1976ರಲ್ಲಿ ಅಳೆದು ತೋರಿಸಿದರು. ಎಲ್ಲ ರೋಗಿಗಳಲ್ಲಿಯೂ ಹೀಗಾಗುವುದಿಲ್ಲ. ಆದರೆ ಆದವರಲ್ಲಿ ನಡೆಯುವುದನ್ನು ಹೀಗೆ ಗ್ರಹಿಸಬಹುದು. ಫ್ಲೋರೈಡು ಎಲುಬು ಕಟ್ಟುವ ಕೋಶಗಳನ್ನು ಕೆರಳಿಸುವುದು. ಹೊಸದಾಗಿ ಕಟ್ಟುವ ಎಲುಬು ರಕ್ತದಿಂದ ಕ್ಯಾಲ್ಸಿಯಮನ್ನು ಹೀರುವುದು. ಫ್ಲೋರೈಡು ಸೇರಿದ ಹರಳು ಸುಲಭವಾಗಿ ಕರಗದಿರುವುದರಿಂದ ಆ ಕ್ಯಾಲ್ಸಿಯಂ ಹಿಂದಿರುಗುವುದೂ ಕಷ್ಟ. ಉಣ್ಣುವ ಅನ್ನದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಕೊರತೆ ಮತ್ತಷ್ಟು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯತೊಡಗುವುದು, ಪ್ಯಾರಾಥೈರಾಯಿಡ್ ಕೋಶದ ಕಾವಲುಗಾರನು ಅದನ್ನು ಕಂಡು ತಡೆಯನ್ನು ಸಡಿಲಿಸುವನು, ಹಾರ್ಮೋನು ಹರಿಯುವುದು, ಬಿಡಿಸಬಲ್ಲ ಎಲುಬಿನಿಂದ ಕ್ಯಾಲ್ಸಿಯಮನ್ನು ಬಿಡಿಸಿ ತಂದು ರಕ್ತವನ್ನು ತುಂಬುವುದು. ಬೆಳೆಯುವ ವಯಸ್ಸಿನ ಎಳೆಯರಲ್ಲಿ ಹೀಗೆ ಸವೆದ ಕಾಲೆಲುಬು ಮೈಯ ಭಾರಕ್ಕೆ ಬಾಗುವುದು.

ಇಲ್ಲಿ ಗ್ರಂಥಿಯು ತಪ್ಪುಮಾಡಲಿಲ್ಲವೆಂಬುದನ್ನು ಗಮನಿಸಬೇಕು. ಹೃದಯವೂ ನರಗಳೂ ನಡೆಯಬೇಕಾದರೆ ರಕ್ತದ ಕ್ಯಾಲ್ಸಿಯಂ ಕುಸಿಯಕೂಡದು. ಅದನ್ನು ಕಾಯುವುದೇ ಅದಕ್ಕೆ ವಹಿಸಿದ ಕರ್ತವ್ಯ. ಅದಕ್ಕಾಗಿ ಎಲುಬನ್ನು ಒತ್ತೆಯಿಟ್ಟಾದರೂ ಸಾಲ ತರುವುದು. ತಪ್ಪು ಇರುವುದು ಬಾವಿಯಲ್ಲಿ, ತಟ್ಟೆಯಲ್ಲಿ.

ಪರಿಹಾರದ ನೆಲೆ

ಈ ಭೇದವು ಚಿಕಿತ್ಸೆಯ ದೃಷ್ಟಿಯಿಂದ ಅತಿ ಮುಖ್ಯ. ಪ್ಯಾರಾಥೈರಾಯಿಡಿನ ಕಾವಲುಗಾರನನ್ನು ಕೆರಳಿಸಿ ಸ್ರಾವವನ್ನು ತಗ್ಗಿಸುವ ಸಿನಕ್ಯಾಲ್ಸೆಟ್ ಎಂಬ ಮದ್ದು 2004ರಿಂದ ಬಳಕೆಯಲ್ಲಿದೆ. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಪಡೆಯುವವರಿಗೆ ಅದು ಉಪಯುಕ್ತ. ಆದರೆ ಕ್ಯಾಲ್ಸಿಯಂ ಕೊರತೆಗೆ ಉತ್ತರವಾಗಿ ದುಡಿಯುತ್ತಿರುವ ಗ್ರಂಥಿಯ ಬಾಯನ್ನು ಹಾಗೆ ಮುಚ್ಚಿಸಿದರೆ ರಕ್ತದ ಕ್ಯಾಲ್ಸಿಯಂ ಮತ್ತೂ ಕುಸಿದು ಸ್ನಾಯುಗಳು ಸೆಟೆದುಕೊಳ್ಳುವುವು. ನವಜಾತ ಶಿಶುವಿನ ಮಧುಮೇಹದಲ್ಲಿ ಕೆಟ್ಟದ್ದು ಕೋಶದ ತೂಬು. ಆದುದರಿಂದ ಕೋಶಕ್ಕೆ ಮದ್ದು. ನಲ್ಗೊಂಡದಲ್ಲಿ ಕೋಶವು ಸರಿಯಾಗಿದೆ. ಆದುದರಿಂದ ಮದ್ದು ನೀರಿಗೆ ಸಲ್ಲಬೇಕು.

ಆ ಮದ್ದಿನ ಒಂದು ರೂಪ ಈ ಜಿಲ್ಲೆಯ ಹೆಸರಿನಲ್ಲಿಯೇ ಜಗತ್ತಿಗೆ ಪರಿಚಿತವಾಯಿತು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನ ಸಂಸ್ಥೆಯು 1970ರ ದಶಕದಲ್ಲಿ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿಗಳನ್ನು ನೀರಿಗೆ ಕಲಸಿ, ಕದಡಿ, ತಿಳಿಯಾಗಲು ಬಿಟ್ಟು ಸೋಸುವರು. ಫ್ಲೋರೈಡು ಗಸಿಯೊಡನೆ ಇಳಿಯುವುದು. ಇದಕ್ಕಿಂತ ಮೇಲಾದುದು ದೋಷವಿಲ್ಲದ ಹೊಳೆಯ ನೀರನ್ನು ತರುವುದು. ಕೃಷ್ಣೆಯ ನೀರು ಕೊಳವೆಗಳ ಮೂಲಕ ನಲ್ಗೊಂಡದ ಹಳ್ಳಿಗಳಿಗೆ ಬಂದಿತು. 2016ರಲ್ಲಿ ಉದ್ಘಾಟನೆಯಾದ ತೆಲಂಗಾಣದ ಮಿಷನ್ ಭಗೀರಥ ಯೋಜನೆ ಈ ಕಾರ್ಯವನ್ನು ವಿಸ್ತರಿಸಿತು. ಹೊಸ ನೀರು ಮುಂದಿನ ಮಕ್ಕಳನ್ನು ಕಾಯಬಲ್ಲುದು. ಆಗಲೇ ಬಾಗಿ ಗಟ್ಟಿಯಾದ ಕಾಲನ್ನು ನೀರು ನೆಟ್ಟಗೆ ಮಾಡಲಾರದು. ವಿಳಂಬದ ಬೆಲೆಯನ್ನು ಒಂದು ಪೀಳಿಗೆ ತನ್ನ ಎಲುಬಿನಿಂದಲೇ ತೆತ್ತಿದೆ.

ನೀರಿನೊಡನೆ ಅನ್ನವನ್ನೂ ನೋಡಬೇಕು. ಜೋಳದ ಊಟದಲ್ಲಿ ಅಕ್ಕಿಯ ಊಟಕ್ಕಿಂತ ಹೆಚ್ಚು ಫ್ಲೋರೈಡು ಮೈಯಲ್ಲಿ ಉಳಿಯುವುದೆಂದು ಹೈದರಾಬಾದಿನ ಪೋಷಣ ಸಂಸ್ಥೆಯವರು 1977ರಲ್ಲಿ ತೋರಿಸಿದರು. ರಾಯಚೂರು ಕಲಬುರಗಿಗಳ ಜೋಳದ ರೊಟ್ಟಿಯ ನಾಡಿಗೆ ಇದು ಎಚ್ಚರಿಕೆಯ ಮಾತು. ಜೋಳವನ್ನು ಬಿಡಬೇಕೆಂದಲ್ಲ, ನೀರು ಕೆಟ್ಟಿರುವಲ್ಲಿ ಉಪೇಕ್ಷೆ ಸಲ್ಲದೆಂದು. ಪ್ರಾಯದವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು 2020ರಲ್ಲಿ ಅದೇ ಸಂಸ್ಥೆ ಸೂಚಿಸಿದೆ. 100 ಗ್ರಾಂ ಜೋಳದಲ್ಲಿ 30 ಮಿಲಿಗ್ರಾಮಿಗೂ ಕಡಿಮೆ ಕ್ಯಾಲ್ಸಿಯಂ ಇದ್ದರೆ ಅಷ್ಟೇ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು. ಹಾಲು, ಮಜ್ಜಿಗೆ, ಎಳ್ಳು, ಸೊಪ್ಪುಗಳಿಂದ ಈ ಅಂತರವನ್ನು ತುಂಬಿಕೊಳ್ಳಬಹುದು. ಆದರೆ ಆಹಾರವೊಂದೇ ಸಾಲದು: ರಾಗಿಯುಣ್ಣುವ ಕೋಲಾರ ತುಮಕೂರುಗಳಲ್ಲಿಯೂ ಫ್ಲೋರೈಡಿನ ಬಾಧೆಯಿದೆ; ಕೊಪ್ಪಳ, ಗದಗ, ಬಳ್ಳಾರಿಗಳಲ್ಲಿಯೂ ಇದೆ.

ಕೋಶಪೊರೆಯ ತೂಬುಗಳೂ ಕಾವಲುಗಾರರೂ ದೇಹದ ಒಳಗಿನ ವ್ಯವಸ್ಥೆಯನ್ನು ಎಷ್ಟು ನಿಷ್ಠೆಯಿಂದ ನಡೆಸುವುವೆಂಬುದನ್ನು ಒಂದೂವರೆ ಶತಮಾನದ ಸಂಶೋಧನೆ ತಿಳಿಸಿಕೊಟ್ಟಿದೆ. ಆ ನಿಷ್ಠೆಯಿಂದಲೇ ಅವು ಹೊರಗಿನ ಅನ್ನನೀರುಗಳ ದೋಷವನ್ನು ಎಲುಬಿಗೆ ಮುಟ್ಟಿಸುವುದೂ ಉಂಟು. ಕೋಶವು ತನ್ನ ಪಾಲಿನ ಕಾವಲನ್ನು ತಪ್ಪದೆ ಮಾಡುತ್ತಿದೆ. ಊರಿನ ಬಾವಿಯ ನೀರನ್ನು ಪರೀಕ್ಷಿಸಿ, ಅದರ ಅಂಕೆಯನ್ನು ಅರಿತು, ಬೇರೆ ನೀರನ್ನು ಒದಗಿಸುವ ಕಾವಲು ಮಾತ್ರ ಸಮಾಜದ ಪಾಲಿಗೆ ಉಳಿದಿದೆ.